ನೀನೂ ಇವತ್ತೇ ಮೊದಲ ಸಲನಾ?

ನನ್ನ ದೊಡ್ಡಮ್ಮ ಸುಳ್ಳು ಹೇಳಿದ್ದನ್ನು ನಾನು ಮೊದಲ ಸಲ ಕಣ್ಣಾರೆ ಕಂಡದ್ದು ಚರ್ಚಿನ ಬಾಗಿಲಲ್ಲಿ. ಒಂದೇ ಅಕ್ಷರದ ಸುಳ್ಳು. "ಹೂಂ" ಅಂದಳು, ಅಷ್ಟೇ. ಎರಡು ಕೈ ತುಂಬ ಹಾಡಿನ ಪುಸ್ತಕಗಳನ್ನು ಹಿಡಿದುಕೊಂಡು, ತಾನು ಹುಟ್ಟಿದಾಗಿನಿಂದ ಬರುತ್ತಿದ್ದ ಚರ್ಚಿನ ಬಾಗಿಲಲ್ಲಿ ನಿಂತು, ಅಲ್ಲಿಗೆ ಇವತ್ತೇ ಮೊದಲ ಸಲ ಬಂದಿದ್ದೇನೆ ಎಂದು ಒಪ್ಪಿಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಅವಳು ಎಂಥವಳು ಎಂದು ಮೊದಲು ಹೇಳಬೇಕು, ಇಲ್ಲದಿದ್ದರೆ ಆ ಸುಳ್ಳಿನ ಭಾರ ಗೊತ್ತಾಗುವುದಿಲ್ಲ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಮದುವೆಯಾಗಿ ಆರು ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ನನ್ನ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ದೊಡ್ಡದೊಂದು ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳ ಕೆಲಸ. ವಾರ್ಡುಗಳಿಂದ ಬಂದ ಬಟ್ಟೆ ಒಗೆದು, ಹಿಂಡಿ, ರೋಲರಿನ ಇಸ್ತ್ರಿ ಯಂತ್ರದೊಳಗೆ ಹೋಗಿ ಬಿಸಿಬಿಸಿಯಾಗಿ ಈಚೆ ಬರುತ್ತದೆ. ಬೆಡ್‌ಶೀಟನ್ನು ಒಬ್ಬರೇ ಮಡಿಸಲಾಗದು. ಒಬ್ಬರು ಆ ಕಡೆಯ ಎರಡು ತುದಿ, ಇನ್ನೊಬ್ಬರು ಈ ಕಡೆಯ ಎರಡು ತುದಿ ಹಿಡಿದು, ಒಂದು ಸಲ ಜಾಡಿಸಿ, ಎದುರುಬದುರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ದಿನಕ್ಕೆ ನಾನೂರು ಬೆಡ್‌ಶೀಟು. ದಿನಕ್ಕೆ ನಾನೂರು ಸಲ ದೊಡ್ಡಮ್ಮ ಅದೇ ಒಬ್ಬ ಹೆಂಗಸಿನ ಎದುರು ನಡೆದು ಹೋಗಿ, ಅವಳ ಬೆರಳು ಮುಟ್ಟಿ, ಹಿಂದಕ್ಕೆ ಬರುತ್ತಿದ್ದಳು. ಹತ್ತೊಂಬತ್ತು ವರ್ಷ.

ಆ ಹೆಂಗಸನ್ನು ಲಾಂಡ್ರಿಯಲ್ಲಿ ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ದೊಡ್ಡಮ್ಮನಿಗಿಂತ ಎರಡು ವರ್ಷ ದೊಡ್ಡವಳು, ಬಾಯಿಯೂ ಎರಡು ಪಟ್ಟು ದೊಡ್ಡದು. ಗಂಡನ ಗೊರಕೆಯಿಂದ ಹಿಡಿದು ನಾದಿನಿಯ ಜಿಪುಣತನದವರೆಗೆ ಅವಳ ಮನೆಯ ಸಮಾಚಾರವೆಲ್ಲ ನಮ್ಮ ಮನೆಗೂ ಬರುತ್ತಿತ್ತು. ಊಟದ ಡಬ್ಬಿಗಳು ಅದಲುಬದಲಾಗುತ್ತಿದ್ದವು. ದೊಡ್ಡಮ್ಮನಿಗೆ ಭಾನುವಾರ ರಜೆ ಬೇಕೆಂದರೆ ಇಸ್ತ್ರಿ ಅಕ್ಕನೇ ಆ ಡ್ಯೂಟಿ ಮಾಡುತ್ತಿದ್ದಳು. ಒಂದು ಭಾನುವಾರ ಅಲ್ಲ, ಎಲ್ಲಾ ಭಾನುವಾರ.

ಹೀಗೆ ಕೆಲಸದಲ್ಲಿ ದೊಡ್ಡಮ್ಮನದು ಒಂದು ಬದುಕು. ಚರ್ಚಿನಲ್ಲಿ ಇನ್ನೊಂದು. ಅಲ್ಲಿ ಅವಳ ಹೆಸರು ಬಾಗಿಲ ಅಕ್ಕ. ಬಂದವರಿಗೆ ಹಾಡಿನ ಪುಸ್ತಕ ಕೊಟ್ಟು, ಮುದುಕರ ಕೈ ಹಿಡಿದು ಮೆಟ್ಟಿಲು ಹತ್ತಿಸಿ, ಅಳುವ ಕೂಸನ್ನು ತಾನು ಎತ್ತಿಕೊಂಡು ತಾಯಿಯನ್ನು ಒಳಗೆ ಕಳಿಸುವ ಕೆಲಸ. ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಮಂಚದ ಪಕ್ಕ ಮೊಣಕಾಲೂರಿ ಕೂರುತ್ತಿದ್ದಳು. ನಾನು ಅರೆನಿದ್ದೆಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ನನ್ನ ಹೆಸರಾದ ಮೇಲೆ ಇಸ್ತ್ರಿ ಅಕ್ಕನ ಹೆಸರು ಬರುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ. ಇಷ್ಟು ಪ್ರೀತಿಯ ಗೆಳತಿಗೆ ತನ್ನ ನಂಬಿಕೆಯ ವಿಷಯ ಹೇಳಿಯೇ ಇರುತ್ತಾಳೆ ಎಂದು ನಾನು ತಿಳಿದಿದ್ದೆ. ಅದರಲ್ಲಿ ಕೇಳುವುದೇನಿದೆ?

ಆ ಭಾನುವಾರ ಆಸ್ಪತ್ರೆಯ ಬಾಯ್ಲರ್ ಕೆಟ್ಟು ಲಾಂಡ್ರಿಯವರಿಗೆಲ್ಲ ರಜೆ ಕೊಟ್ಟಿದ್ದರು. ಆರಾಧನೆ ಶುರುವಾಗಲು ಹತ್ತು ನಿಮಿಷವಿತ್ತು. ಮೆಟ್ಟಿಲ ಕೆಳಗೆ ಆಸ್ಪತ್ರೆಯ ಲಿಫ್ಟ್ ನಡೆಸುವವನು ಕಾಣಿಸಿದ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು, ನಮ್ಮ ಚರ್ಚಿಗೂ ಆಗಲೇ ಬರತೊಡಗಿದ್ದ. ಎಲ್ಲರೂ ಲಿಫ್ಟಣ್ಣ ಎನ್ನುತ್ತಿದ್ದರು. ಲಿಫ್ಟಿನಲ್ಲಿ ಯಾರ ಮುಖ ಬಾಡಿದ್ದರೂ "ನಿಮಗೋಸ್ಕರ ಪ್ರಾರ್ಥನೆ ಮಾಡ್ಲಾ?" ಎಂದು ಕೇಳಿಬಿಡುವ ಮನುಷ್ಯ. ಎಲ್ಲರ ಮುಂದೆ ಚರ್ಚಿನ ಮಾತು ಎತ್ತಿಬಿಟ್ಟಾನು ಎಂದು ಹೆದರಿ ದೊಡ್ಡಮ್ಮ ತನ್ನ ಕೆಟ್ಟ ಮೊಣಕಾಲಿನಲ್ಲೇ ಮೆಟ್ಟಿಲು ಹತ್ತಿ ಓಡಾಡುತ್ತಿದ್ದಳು ಎಂಬುದು ನನಗೆ ಆಮೇಲೆ ತಿಳಿಯಿತು. ಅವನ ಹಿಂದೆ, ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು, ಅತ್ತಿತ್ತ ನೋಡುತ್ತ ಬಂದವಳು ಇಸ್ತ್ರಿ ಅಕ್ಕ.

ದೊಡ್ಡಮ್ಮನನ್ನು ಕಂಡದ್ದೇ ಆಕೆಯ ಮುಖ ಅರಳಿತು.

"ಅಯ್ಯೋ, ನೀನಾ! ಅಬ್ಬ, ಜೀವ ಬಂತು ಕಣೆ. ಯಾರೂ ಗುರುತಿನವರಿಲ್ಲ ಅಂತ ಎದೆ ಹೊಡ್ಕೋತಿತ್ತು. ನಿನ್ನನ್ನೂ ಲಿಫ್ಟಣ್ಣನೇ ಕರೆದ್ನಾ? ನೀನೂ ಇವತ್ತೇ ಮೊದಲ ಸಲನಾ?"

ಲಿಫ್ಟಣ್ಣ ಅಷ್ಟರಲ್ಲಿ ಚಪ್ಪಲಿ ಬದಿಗಿಡುತ್ತಿದ್ದ, ಅವನಿಗೆ ಕೇಳಿಸಲಿಲ್ಲ. ದೊಡ್ಡಮ್ಮನ ತುಟಿ ಎರಡು ಸಲ ಅಲುಗಿತು.

"ಹೂಂ," ಅಂದಳು.

ಆಮೇಲೆ ಕೈಯಲ್ಲಿದ್ದ ಪುಸ್ತಕಗಳನ್ನು ಯಾರೋ ಮರೆತು ಹೋದದ್ದೆಂಬಂತೆ ಮೇಜಿನ ಮೇಲಿಟ್ಟಳು. ಇಸ್ತ್ರಿ ಅಕ್ಕ ಅವಳ ತೋಳು ಹಿಡಿದು ಒಳಗೆ ನಡೆಸಿಕೊಂಡು ಹೋದಳು. ಇಬ್ಬರೂ ಕೊನೆಯ ಬೆಂಚಿನಲ್ಲಿ ಕೂತರು. ನಾನು ಅವರ ಹಿಂದೆ ಗೋಡೆಗೆ ಒರಗಿ ನಿಂತೆ.

"ಹೆದರ್ಬೇಡ, ನಾನಿದ್ದೀನಲ್ಲ," ಎಂದು ಇಸ್ತ್ರಿ ಅಕ್ಕ ಪಿಸುಗುಟ್ಟಿದಳು.

ಹಾಡು ಶುರುವಾಯಿತು. ಆ ಪುಸ್ತಕದ ಅಷ್ಟೂ ಹಾಡು ಬಾಯಿಪಾಠವಿದ್ದ ದೊಡ್ಡಮ್ಮ, ಪುಟ ಸಿಗದವಳಂತೆ ಹಾಳೆ ಮಗುಚುತ್ತಿದ್ದಳು. ಇಸ್ತ್ರಿ ಅಕ್ಕನೇ ಹುಡುಕಿ ಬೆರಳಿಟ್ಟು ತೋರಿಸಿದಳು. ದೊಡ್ಡಮ್ಮ ಹಾಡಲಿಲ್ಲ.

ಹಾಡು ಮುಗಿದು ಪಾಸ್ಟರ್ ಎದ್ದರು. ಒಳ್ಳೆಯ ಮನುಷ್ಯ, ಪಾಪ. ಆ ದಿನ ಅವರು ಬಾಯಿ ತೆರೆಯದಿದ್ದರೆ ಸಾಕಿತ್ತು.

"ಇವತ್ತು ಸಂದೇಶಕ್ಕೆ ಮುಂಚೆ ಒಂದು ಸಂತೋಷದ ವಿಷಯ. ನಮ್ಮ ಬಾಗಿಲ ಅಕ್ಕ ಆ ಬಾಗಿಲಲ್ಲಿ ನಿಲ್ಲೋಕೆ ಶುರು ಮಾಡಿ ಈ ವಾರಕ್ಕೆ ಇಪ್ಪತ್ತೈದು ವರ್ಷ ಆಯ್ತು. ಅವರ ಅಜ್ಜ ಈ ಗೋಡೆಗೆ ಕಲ್ಲು ಹೊತ್ತವರು. ಎಲ್ಲಿ ಅಕ್ಕ? ಓ, ಅಲ್ಲಿ ಹಿಂದೆ ಕೂತಿದ್ದಾರೆ, ಅವರ ನಾಚಿಕೆ ನೋಡಿ! ಅಕ್ಕ, ಎದ್ದು ನಿಂತ್ಕೊಳಿ. ಆಸ್ಪತ್ರೆಯಂಥ ಜಾಗದಲ್ಲಿ ಕೆಲಸ ಮಾಡೋರು. ಕಷ್ಟದಲ್ಲಿರೋ ಎಷ್ಟು ಜನಕ್ಕೆ ಯೇಸುವಿನ ವಿಷಯ ಹೇಳಿ ಸಮಾಧಾನ ಮಾಡಿದ್ದಾರೋ, ದೇವರಿಗೇ ಗೊತ್ತು."

ಚಪ್ಪಾಳೆ ಬಿತ್ತು. ಎಲ್ಲರೂ ಹಿಂದಕ್ಕೆ ತಿರುಗಿ ನಗುತ್ತ ನೋಡಿದರು. ದೊಡ್ಡಮ್ಮ ಎದ್ದು ನಿಂತಳು. ಇಸ್ತ್ರಿ ಅಕ್ಕ ಮೊದಲು ಚಪ್ಪಾಳೆ ತಟ್ಟಲು ಕೈ ಎತ್ತಿದ್ದಳು. ಆ ಕೈಗಳು ಅಲ್ಲೇ, ಎದೆಯ ಮಟ್ಟದಲ್ಲಿ ನಿಂತುಬಿಟ್ಟವು. ಆಮೇಲೆ ನಿಧಾನವಾಗಿ ಮಡಿಲಿಗೆ ಇಳಿದವು. ಆಕೆ ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಪಾಸ್ಟರ್ ಸತ್ತವರ ಬಗ್ಗೆ, ಸಾವಿನ ಆಚೆಯ ದೇವರ ಬಗ್ಗೆ ಸಂದೇಶ ಹೇಳಿ ಮುಗಿಸುವವರೆಗೂ ಕೂತಳು. ಒಂದು ಸಲವೂ ಪಕ್ಕಕ್ಕೆ ತಿರುಗಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಆಕೆ ಕೇಳಿದ ಮೊದಲ ಮಾತು ನನಗೆ ಅರ್ಥವೇ ಆಗಲಿಲ್ಲ.

"ನಿನಗೆ ಅಣ್ಣ ಇದ್ದಾನೋ ಇಲ್ವೋ?"

"ಇಲ್ಲ," ಅಂದಳು ದೊಡ್ಡಮ್ಮ.

"ಪ್ರತಿ ಭಾನುವಾರ ಅಣ್ಣನ ಮನೆಗೆ ಹೋಗ್ಬೇಕು ಅಂತಿದ್ದೆ. ಅಣ್ಣನಿಗೆ ಮೊಣಕಾಲು ನೋವು ಅಂದಾಗ ನಾನು ಎಣ್ಣೆ ಕೊಟ್ಟಿದ್ದೆ."

"ನಾನೇ ಹಚ್ಕೊಂಡೆ ಅಕ್ಕ."

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ನನ್ನ ಅಮ್ಮ, ದೊಡ್ಡಮ್ಮ ಇಬ್ಬರೇ ಅಕ್ಕತಂಗಿಯರು. ಹತ್ತೊಂಬತ್ತು ವರ್ಷದಿಂದ ನಮ್ಮ ಮನೆತನಕ್ಕೆ ಒಬ್ಬ ಇಲ್ಲದ ಗಂಡಸು ಇದ್ದ.

ಇಸ್ತ್ರಿ ಅಕ್ಕ ಕೂಗಾಡಲಿಲ್ಲ. ಅವಳಂಥ ಬಾಯಿಯವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಸುಳ್ಳು ಹೇಳಿದ್ದು ಬಿಡು. ನನ್ನ ಮಗಳು ಹೋದಳಲ್ಲ, ಹದಿನಾರು ವರ್ಷದವಳು, ನಮ್ಮ ತಲೆ ಮೇಲಿನ ಮಹಡಿಯಲ್ಲೇ, ಮೂರು ದಿನದ ಜ್ವರದಲ್ಲಿ. ನಾನು ನಿನ್ನ ಹೆಗಲ ಮೇಲೆ ಬಿದ್ದು ಅತ್ತೆ. ನೀನು ಏನಂದೆ ನೆನಪಿದ್ಯಾ? 'ಧೈರ್ಯ ತಗೋ ಅಕ್ಕ, ದಿನ ಕಳೆದ ಹಾಗೆ ಸರಿ ಹೋಗುತ್ತೆ' ಅಂದೆ. ನಾಲ್ಕು ವರ್ಷ ಆಯ್ತು. ಸರಿ ಹೋಗಿಲ್ಲ. ಇವತ್ತು ಒಳಗೆ ಆ ಪಾಸ್ಟರ್ ಹೇಳಿದ್ರಲ್ಲ, ಸತ್ತವರ ವಿಷಯ, ದೇವರ ವಿಷಯ... ಅದೆಲ್ಲ ನಿನಗೆ ಆವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ನಂಬಿದ್ಯಾ?"

"ನಂಬಿದ್ದೆ."

"ಮತ್ತೆ ನನಗ್ಯಾಕೆ ಕೊಡ್ಲಿಲ್ಲ? ನಾನು ತಗೋತಿದ್ನೋ ಬಿಡ್ತಿದ್ನೋ, ಅದು ನನಗೆ ಬಿಟ್ಟಿದ್ದು. ಕೊಡೋಕೇನಾಗಿತ್ತು ನಿನಗೆ?"

ಉತ್ತರಕ್ಕೆ ಕಾಯದೆ ಇಳಿದು ಹೋದಳು. ದೊಡ್ಡಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಜನ ಬಂದು ಇಪ್ಪತ್ತೈದು ವರ್ಷಕ್ಕೆ ಶುಭಾಶಯ ಹೇಳಿ ಕೈ ಕುಲುಕುತ್ತಿದ್ದರು.

ಮನೆಗೆ ಬಂದು ನಾನು ಜಗಳವಾಡಿದೆ. "ಯಾಕೆ ಹೀಗ್ಮಾಡಿದೆ ದೊಡ್ಡಮ್ಮ? ಯಾರ ಭಯ ನಿನಗೆ?" ಎಂದೆ. ಅವಳು ಹೇಳಿದಳು. ಲಾಂಡ್ರಿಗೆ ಸೇರಿದ ಮೊದಲ ವಾರ, ಊಟದ ಡಬ್ಬಿ ತೆರೆದು ಕಣ್ಣು ಮುಚ್ಚಿ ಪ್ರಾರ್ಥಿಸಿದ್ದಳಂತೆ. ಯಾರೋ "ಏನಮ್ಮ, ಊಟಕ್ಕೆ ಮುಂಚೇನೇ ನಿದ್ದೆನಾ?" ಅಂದರಂತೆ. ಎಲ್ಲರೂ ನಕ್ಕರಂತೆ. ಅಷ್ಟೇ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಕೆಲಸದಿಂದ ತೆಗೆಯಲಿಲ್ಲ. ಮರುದಿನದಿಂದ ಅವಳು ಕಣ್ಣು ತೆರೆದೇ, ಡಬ್ಬಿಯ ಮುಚ್ಚಳ ತಿರುಗಿಸುವಷ್ಟರಲ್ಲಿ ಪ್ರಾರ್ಥನೆ ಮುಗಿಸುವುದನ್ನು ಕಲಿತಳು. ಆಮೇಲೆ ಹೇಳೋಣ ಎಂದುಕೊಂಡದ್ದು ತಿಂಗಳಾಯಿತು, ವರ್ಷವಾಯಿತು. ಇಷ್ಟು ವರ್ಷ ಹೇಳದಿದ್ದವಳು ಈಗ ಹೇಗೆ ಹೇಳಲಿ ಎಂದಾಯಿತು. ಆ ಮಗು ಹೋದಾಗ ಗಂಟಲಿನವರೆಗೆ ಬಂದಿತ್ತಂತೆ. ನನ್ನ ದುಃಖದ ಸಮಯ ನೋಡಿ ತನ್ನ ದೇವರನ್ನು ತಂದಳು ಎಂದು ಇಸ್ತ್ರಿ ಅಕ್ಕ ಅಂದುಕೊಂಡಾಳು ಎಂದು ನುಂಗಿಕೊಂಡಳಂತೆ.

ಒಂದು ನಗುವಿಗೆ ಹೆದರಿ ಹತ್ತೊಂಬತ್ತು ವರ್ಷ.

ಸೋಮವಾರ ಲಾಂಡ್ರಿಯಲ್ಲಿ ಇಸ್ತ್ರಿ ಅಕ್ಕ ಬೆಡ್‌ಶೀಟಿನ ಎರಡು ತುದಿ ಹಿಡಿದಳು, ಜಾಡಿಸಿದಳು, ಎದುರು ಬಂದು ಕೊಟ್ಟಳು. ತುಟಿ ಬಿಚ್ಚಲಿಲ್ಲ. ಡಬ್ಬಿ ತೆಗೆದುಕೊಂಡು ಬೇರೆ ಮೂಲೆಗೆ ಹೋದಳು. ಹೀಗೆ ಹನ್ನೊಂದು ದಿನ. ಲಾಂಡ್ರಿಯ ಉಳಿದವರಿಗೆ ಯಂತ್ರದ ಸದ್ದು ಇಷ್ಟು ಜೋರಾಗಿದೆ ಎಂದು ಆಗಲೇ ಗೊತ್ತಾಯಿತಂತೆ, ಅಲ್ಲಿಯವರೆಗೆ ಇಸ್ತ್ರಿ ಅಕ್ಕನ ಮಾತೇ ಕೇಳಿಸುತ್ತಿದ್ದದ್ದು.

ಹನ್ನೆರಡನೆಯ ದಿನ ದೊಡ್ಡಮ್ಮ ಮೆಟ್ಟಿಲು ಬಿಟ್ಟು ಲಿಫ್ಟು ಹತ್ತಿದಳು.

"ಬನ್ನಿ ಅಕ್ಕ," ಎಂದು ಲಿಫ್ಟಣ್ಣ ಬಾಗಿಲು ಎಳೆದ.

"ನೀನು ಅವಳಿಗೆ ಏನು ಹೇಳಿದೆ? ಹೇಗೆ ಹೇಳಿದೆ? ಎಷ್ಟು ದಿನ ಹಿಡೀತು?"

ಅವನು ತಲೆ ಕೆರೆದುಕೊಂಡ. "ಎಷ್ಟು ದಿನ ಏನು ಬಂತು ಅಕ್ಕ? ಒಂದು ದಿನ ಕಣ್ಣೊರೆಸ್ಕೊಂಡು ನಿಂತಿದ್ರು. ಯಾಕಮ್ಮ ಅಂದೆ. ಇವತ್ತು ನನ್ನ ಮಗಳು ಹೋದ ದಿನ ಅಂದ್ರು. ನನಗೆ ದೊಡ್ಡ ಮಾತು ಬರಲ್ಲಮ್ಮ, ನನ್ನ ಹೆಂಡತಿ ಹೋದಾಗ ಯೇಸು ನನ್ನ ಕೈ ಬಿಡ್ಲಿಲ್ಲ, ಭಾನುವಾರ ಯಾವಾಗಾದ್ರೂ ಬನ್ನಿ, ಸುಮ್ನೆ ಕೂತು ಹೋಗಿ ಅಂದೆ."

"ಆಮೇಲೆ?"

"ಆಮೇಲೇನು, ಮೂರನೇ ಮಹಡಿ ಬಂತು. ಅವರು ಇಳಿದ್ರು."

ದೊಡ್ಡಮ್ಮ ಹತ್ತೊಂಬತ್ತು ವರ್ಷ ಬೆಟ್ಟ ಎಂದುಕೊಂಡು ಹೆದರಿದ್ದು ನೆಲಮಾಳಿಗೆಯಿಂದ ಮೂರನೆಯ ಮಹಡಿಯಷ್ಟು ದೂರದ ಮಾತಾಗಿತ್ತು.

ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಅವಳು ತನ್ನ ಡಬ್ಬಿ ಎತ್ತಿಕೊಂಡು ಇಸ್ತ್ರಿ ಅಕ್ಕ ಕೂತಿದ್ದ ಮೂಲೆಗೇ ಹೋದಳು. ಡಬ್ಬಿ ತೆರೆದು, ಕೈ ಜೋಡಿಸಿ, ಕಣ್ಣು ಮುಚ್ಚಿದಳು. ತುಟಿ ಅಲುಗಿಸಿ ಪ್ರಾರ್ಥಿಸಿದಳು. ಒಗೆಯುವವರು, ಟ್ರಾಲಿ ತಳ್ಳುವವರು, ಲಾಂಡ್ರಿಯ ಮೇಲ್ವಿಚಾರಕ, ಎಲ್ಲರೂ ತುತ್ತು ನಿಲ್ಲಿಸಿ ನೋಡಿದರು. ಯಾರೂ ನಗಲಿಲ್ಲ. ಕಣ್ಣು ತೆರೆದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಾನು ಕ್ರೈಸ್ತಳು. ಹುಟ್ಟಿದಾಗಿನಿಂದ. ಇಲ್ಲಿ ಯಾರಿಗೂ ಹೇಳ್ಲಿಲ್ಲ. ಹೆದರಿಕೆ. ನನಗೆ ಅಣ್ಣ ಇಲ್ಲ, ಭಾನುವಾರ ನಾನು ಹೋಗ್ತಿದ್ದದ್ದು ಚರ್ಚಿಗೆ." ಆಮೇಲೆ ಗೆಳತಿಯ ಕಡೆ ತಿರುಗಿದಳು. "ಅಕ್ಕ, ನಿನ್ನ ಮಗಳು ಹೋದ ದಿನ ಆ ವಾರ್ಡಿನ ಬಟ್ಟೆ ಕೆಳಗೆ ಬಂತು. ಹಾಸಿಗೆ ನಂಬರ್ ನೋಡಿ ಗೊತ್ತಾಯ್ತು. ಯಂತ್ರಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ. ಹಿಂದುಗಡೆ ಒಗೆಯೋ ಕಲ್ಲಿನ ಹತ್ರ ಕೂತು ಆ ಬೆಡ್‌ಶೀಟನ್ನ ನಾನೇ ಕೈಯಲ್ಲಿ ಒಗೆದೆ. ನೀನು ವಾಪಸ್ ಬಂದಾಗ ಮಡಿಸೋಕೆ ಅದು ನಿನ್ನ ಕೈಗೆ ಬರಬಾರದು ಅಂತ ಒಬ್ಬಳೇ ಮಡಿಸ್ದೆ. ಅವತ್ತಿನಿಂದ ದಿನಾ ಬೆಳಿಗ್ಗೆ ನಿನ್ನ ಹೆಸರು ಹೇಳಿ ದೇವರ ಹತ್ರ ಅಳ್ತೀನಿ."

ಇಸ್ತ್ರಿ ಅಕ್ಕನ ಕೈಯ ತುತ್ತು ಡಬ್ಬಿಗೆ ಬಿತ್ತು. ತನ್ನ ಮಗಳ ಕೊನೆಯ ಹಾಸಿಗೆಯ ಬಟ್ಟೆ ತಾನು ಕೆಲಸ ಮಾಡುವ ಕೋಣೆಗೇ ಬಂದಿರಬೇಕು ಎಂಬುದು ನಾಲ್ಕು ವರ್ಷದಲ್ಲಿ ಒಂದು ಸಲವೂ ಅವಳಿಗೆ ಹೊಳೆದಿರಲಿಲ್ಲ.

"ದೇವರಿಗೆ ಹೇಳ್ದೆ," ಅಂದಳು. "ನನಗೆ ಹೇಳ್ಲಿಲ್ಲ."

"ಹೌದು. ಅದೇ ನನ್ನ ತಪ್ಪು."

"ಹಾಗಾದ್ರೆ ಈಗ ಹೇಳು. ನನ್ನ ಮಗು ಎಲ್ಲಿದೆ?"

ದೊಡ್ಡಮ್ಮನಿಗೆ ಚರ್ಚಿನಲ್ಲಿ ಕೇಳಿದ ಸಾವಿರ ಉಪದೇಶಗಳಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲವಂತೆ.

"ನಾನು ಪಾಸ್ಟರ್ ಅಲ್ಲ ಅಕ್ಕ, ಗೊತ್ತಿಲ್ಲದ್ದನ್ನ ಗೊತ್ತು ಅನ್ನಲ್ಲ. ನನಗೆ ಗೊತ್ತಿರೋದು ಯೇಸು. ಸ್ನೇಹಿತ ಸತ್ತಾಗ ಅವನ ಸಮಾಧಿ ಹತ್ರ ಹೋಗ್ತಾ ಅವರು ಅತ್ತರು. ಆಮೇಲೆ ಅವನನ್ನ ಎಬ್ಬಿಸಿದರು. ತಾವೂ ಸತ್ತು ಎದ್ದು ಬಂದರು. ಸಾವಿನ ಆ ಕಡೆಯೂ ಅವರ ಕೈ ಇದೆ ಅಂತ ನಾನು ನಂಬ್ತೀನಿ. ನನ್ನ ಯಜಮಾನರನ್ನ ಆ ಕೈಗೇ ಬಿಟ್ಟಿದ್ದೀನಿ, ಅದಕ್ಕೇ ಬದುಕಿದ್ದೀನಿ. ನಿನ್ನ ಮಗೂನ ಆ ಕೈಗೆ ಬಿಡೋಕೆ ಭಯ ಪಡಬೇಡ. ಇಷ್ಟೇ ನನಗೆ ಬರೋದು."

ಇಸ್ತ್ರಿ ಅಕ್ಕ ಒಪ್ಪಿದೆ ಎನ್ನಲಿಲ್ಲ, ಒಪ್ಪುವುದಿಲ್ಲ ಎನ್ನಲೂ ಇಲ್ಲ. ಡಬ್ಬಿಯನ್ನು ದೊಡ್ಡಮ್ಮನ ಕಡೆ ತಳ್ಳಿ, "ತಿನ್ನು. ಮುಖ ನೋಡು, ಹನ್ನೊಂದು ದಿನದಿಂದ ಉಪವಾಸ ಇದ್ದೋಳ ಹಾಗಿದೆ," ಅಂದಳು.

ಮುಂದಿನ ಭಾನುವಾರ ದೊಡ್ಡಮ್ಮ ಸಭೆಯ ಎದುರು ಐದು ನಿಮಿಷ ಮಾತಾಡಲು ಅನುಮತಿ ಕೇಳಿದಳು. ಇಪ್ಪತ್ತೈದು ವರ್ಷದಲ್ಲಿ ಅವಳು ಬಾಗಿಲಿನಿಂದ ಮುಂದಕ್ಕೆ ಬಂದದ್ದೇ ಇಲ್ಲ. ಪಾಸ್ಟರ್ ಖುಷಿಯಿಂದ ಒಪ್ಪಿದರು. ಧನ್ಯವಾದ ಹೇಳುತ್ತಾಳೆ ಎಂದುಕೊಂಡರೋ ಏನೋ.

"ನನಗೆ ನೀವು ಚಪ್ಪಾಳೆ ತಟ್ಟಿದ್ರಿ. ಅದನ್ನ ವಾಪಸ್ ತಗೊಳಿ," ಎಂದು ಶುರು ಮಾಡಿದಳು. ನಡೆದದ್ದೆಲ್ಲ ಹೇಳಿದಳು. ಅಣ್ಣನ ಕಥೆ, "ಹೂಂ" ಅಂದದ್ದು, ಬೆಡ್‌ಶೀಟು, ಒಂದನ್ನೂ ಮುಚ್ಚಿಡಲಿಲ್ಲ. "ಬರೋರಿಗೆ ಬಾಗಿಲು ತೆಗೆದೆ, ಒಬ್ಬರನ್ನೂ ಕರೀಲಿಲ್ಲ. ನಾವು ಯಾರನ್ನೂ ಎಳ್ಕೊಂಡು ಬರಬೇಕಾಗಿಲ್ಲ, ವಾದ ಮಾಡಿ ಗೆಲ್ಲಬೇಕಾಗಿಲ್ಲ. ನಮ್ಮ ಹತ್ರ ಇರೋದನ್ನ ಬಚ್ಚಿಡದೆ ಇದ್ರೆ ಸಾಕು. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪಕ್ಕದಲ್ಲಿ ಕೂತು ಕೆಲಸ ಮಾಡೋರ ಜೊತೆ ಯೇಸುವಿನ ವಿಷಯ ಒಂದು ಸಲನಾದ್ರೂ ಮಾತಾಡಿರೋರು ಕೈ ಎತ್ತಿ."

ನೂರಿಪ್ಪತ್ತು ಜನರಿದ್ದರು. ನಾನು ಎಣಿಸಿದೆ. ಏಳು ಕೈ. ಅದರಲ್ಲಿ ಒಂದು ಲಿಫ್ಟಣ್ಣನದು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತಿದ್ದ ಹಿರಿಯರು ನೆಲ ನೋಡುತ್ತಿದ್ದರು. ಗಾಯನ ತಂಡದ ಟೀಚರ್ ಕೈ ಅರ್ಧ ಎತ್ತಿ ಇಳಿಸಿದರು. ಪಾಸ್ಟರ್ ಆ ಪ್ರಶ್ನೆಯನ್ನು ಎಂದೂ ಕೇಳಿರಲಿಲ್ಲ, ಕೇಳುವ ಅಗತ್ಯವಿದೆ ಎಂದುಕೊಂಡಿರಲಿಲ್ಲ. ನನ್ನ ಕೈಯೂ ಮಡಿಲಲ್ಲೇ ಇತ್ತು. ದೊಡ್ಡಮ್ಮನ ಮೇಲೆ ಅಷ್ಟು ಜೋರು ಮಾಡಿದ್ದವಳು ನಾನು.

ಮರುದಿನ, ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ, ನನ್ನ ಪಕ್ಕದ ಕೌಂಟರಿನ ಹುಡುಗಿಗೆ ಹೇಳಿದೆ. ಗಾಜು ಒರೆಸುತ್ತ, ಅವಳ ಮುಖ ನೋಡದೆ, ತೊದಲುತ್ತ. "ನಾನು ಯೇಸುವನ್ನ ನಂಬ್ತೀನಿ. ದಿನಾ ಪ್ರಾರ್ಥನೆ ಮಾಡ್ತೀನಿ. ನಿನಗೆ ಯಾವತ್ತೂ ಹೇಳಿರ್ಲಿಲ್ಲ."

ಅವಳು ಒರೆಸುವುದನ್ನು ನಿಲ್ಲಿಸಿದಳು. ನಗುತ್ತಾಳೆ ಎಂದುಕೊಂಡೆ.

"ಹಾಗಾದ್ರೆ ನಮ್ಮಪ್ಪನಿಗೋಸ್ಕರ ಕೇಳ್ತೀಯಾ?" ಅಂದಳು. "ಮನೆ ಬಿಟ್ಟು ಹೋಗಿ ಐದು ತಿಂಗಳಾಯ್ತು. ಎಲ್ಲಿದ್ದಾರೋ ಗೊತ್ತಿಲ್ಲ."

ಐದು ತಿಂಗಳು. ಅಷ್ಟು ದಿನವೂ ನಾವಿಬ್ಬರೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು ನಿಂತಿದ್ದೆವು.

ದೊಡ್ಡಮ್ಮ ಈಗ ತಿಂಗಳಿಗೆ ಎರಡು ಭಾನುವಾರ ಮಾತ್ರ ಚರ್ಚಿಗೆ ಬರುತ್ತಾಳೆ. ಉಳಿದೆರಡು ಭಾನುವಾರ ಅವಳು ಲಾಂಡ್ರಿಯಲ್ಲಿ ಡ್ಯೂಟಿ ಮಾಡುತ್ತಾಳೆ, ಇಸ್ತ್ರಿ ಅಕ್ಕನಿಗೆ ರಜೆ ಬೇಕಲ್ಲ. ಇಸ್ತ್ರಿ ಅಕ್ಕ ಇನ್ನೂ ದೀಕ್ಷಾಸ್ನಾನ ತೆಗೆದುಕೊಂಡಿಲ್ಲ. ಯಾರೂ ಒತ್ತಾಯ ಮಾಡಿಲ್ಲ. ಕೊನೆಯ ಬೆಂಚಿನಲ್ಲಿ ಕೂತು, ಅರ್ಥವಾಗದ್ದನ್ನು ಪಾಸ್ಟರ್ ಹತ್ತಿರ ಹೋಗಿ ಎಲ್ಲರ ಮುಂದೆಯೇ ಗಟ್ಟಿಯಾಗಿ ಕೇಳುತ್ತಾಳೆ. ಹೋದ ತಿಂಗಳು ಒಂದು ಭಾನುವಾರ ಆಕೆಯ ಹಿಂದೆ ಇನ್ನೊಬ್ಬ ಹೆಂಗಸು ಮುದುಡಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಪುಸ್ತಕ ಕೊಡಲು ಆ ದಿನ ಬಾಗಿಲಲ್ಲಿದ್ದವಳು ನಾನು.

"ಇವಳು ನನ್ನ ನಾದಿನಿ," ಎಂದಳು ಇಸ್ತ್ರಿ ಅಕ್ಕ. "ಜಿಪುಣಿ ಅಂತ ನಿಮ್ಮ ದೊಡ್ಡಮ್ಮ ಹೇಳಿರ್ತಾಳೆ, ಅದನ್ನ ತಲೆಗೆ ಹಾಕ್ಕೋಬೇಡ. ಮನೇಲಿ ಕಷ್ಟ ಇದೆ. ಒಳಗೆ ನನ್ನ ಪಕ್ಕ ಕೂರಿಸ್ಕೋತೀನಿ, ಒಂದೇ ಪುಸ್ತಕ ಸಾಕು."